ನಿಮ್ಮ ಕಂಪ್ಯೂಟರ್ ನಾನು ಮುಟ್ಟಿಲ್ಲ

…ಅದನ್ನೇ ರೀ ನಾನೂ ಹೇಳ್ತಿರೋದು. ನಿಮ್ಮ ಕಂಪ್ಯೂಟರ್ ನಾನು ಮುಟ್ಟಿಲ್ಲ. ಅದರ ಮುಂದೆ ಕೂತಿದ್ದೆ, ಸರಿ. ಸ್ವಿಚ್ ಹಾಕಿದ್ದೆ, ಅದೂ ಸರಿ. ನೀವು ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ನನ್ನ ಕೈ ಕೀಬೋರ್ಡ್ ಮೇಲೇ ಇತ್ತು. ಆದ್ರೂ ಮುಟ್ಟಿಲ್ಲ. ನಿಮ್ಮ ಪಾಸ್‌ವರ್ಡ್ ಎಲ್ಲಿತ್ತೋ ಅಲ್ಲೇ ಇದೆ, ನಿಮ್ಮ ವ್ಯಾಪಾರದ ಲೆಕ್ಕ ಎಲ್ಲಿತ್ತೋ ಅಲ್ಲೇ ಇದೆ.

ಯಾಕೆ ನಗ್ತೀರ? ಸುಳ್ಳು ಹೇಳೋದಾಗಿದ್ರೆ ಇದಕ್ಕಿಂತ ಒಳ್ಳೇ ಸುಳ್ಳು ನನಗೆ ಬರ್ತಿತ್ತು.

ಕೂತ್ಕೊಳ್ಳಿ. ಮೀಟಿಂಗ್ ನಾಲ್ಕು ಗಂಟೆಗೆ ತಾನೇ, ಇನ್ನೂ ಹೊತ್ತಿದೆ. ನಿಮ್ಮ ಸಂಘದ ಅಧ್ಯಕ್ಷರು ಪರಮೇಶಪ್ಪನವರು ಹೇಳಿದ ಹೊತ್ತಿಗೆ ಬಂದದ್ದು ಅವರ ಮದುವೆಗೂ ಇಲ್ಲವಂತೆ. ಅವರು ಬಾರದೆ ನೀವು ಕಾಫಿ ವ್ಯಾಪಾರಿಗಳೆಲ್ಲ ಸೇರಿ ಪುಟ್ಟರಾಜಣ್ಣನ ಕುತ್ತಿಗೆ ಹಿಡಿಯೋಕೆ ಆಗ್ತದಾ? ಆಗಲ್ಲ. ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಅದು ನಂದು. ಅಂದ್ರೆ… ನಿಮ್ಮದೇ. ನಾನು ಕೂತಿದ್ದೆ, ಇನ್ನೂ ಕೂರ್ತೀನಿ ಅಂತ ಹೇಳಿದೆ.

ಇಲ್ಲ, ಕೋಪ ಏನಿಲ್ಲ ನನಗೆ. ನೀವೇ ನಿನ್ನೆ ಊಟಕ್ಕೆ ಕೂತಾಗ ಹೇಳಿದ್ರಿ. ಡೈರಿ ಗೋಡೆ ಮೇಲೆ, ಬಸ್‌ಸ್ಟ್ಯಾಂಡಲ್ಲಿ, ರೇಷನ್ ಅಂಗಡಿ ಬಾಗಿಲಲ್ಲಿ ವ್ಯಾಪಾರಿಗಳನ್ನ ಬೈದ ಆ ಕರಪತ್ರ ಅಂಟಿಸಿದವನು ಪುಟ್ಟರಾಜುನೇ ಅಂತ ಗೊತ್ತಾಗಿದೆ, ಇವತ್ತು ತೀರ್ಮಾನ, ಈ ಸೀಸನ್ ಪೂರ್ತಿ ಅವನ ಕಾಫಿ ಯಾವ ಅಂಗಡೀಲೂ ತೂಗಬಾರದು ಅಂತ. ಹೇಗೆ ಗೊತ್ತಾಯ್ತು ಅಂತ ನಾನು ಕೇಳಿದ್ದಕ್ಕೆ, ಅದರ ಅಕ್ಷರ ಈ ಕಡೆಯ ಯಾವ ಡಿಟಿಪಿ ಅಂಗಡೀದೂ ಅಲ್ಲ, ಎಲ್ಲರನ್ನೂ ಕೇಳಿ ಆಯ್ತು, ಹಾಸನದಲ್ಲಿ ಮಾಡಿಸಿರಬೇಕು, ಪುಟ್ಟರಾಜುನ ನೆಂಟರೆಲ್ಲ ಹಾಸನದವರು ಅಂದ್ರಿ. ದೊಡ್ಡ ಪತ್ತೇದಾರಿಕೆ. ಅವನ ಅಜ್ಜ ಹಾಸನದಿಂದ ಬಂದು ಇಲ್ಲಿ ಜಮೀನು ಮಾಡಿದ ತಪ್ಪಿಗೆ ಮೊಮ್ಮಗನ ಕಾಫಿ ಮನೇಲೇ ಬೂಷ್ಟು ಹಿಡೀಬೇಕು.

ಇರಲಿ, ಅದು ಆಮೇಲೆ. ನೀವು ಹೊರಡೋ ಮೊದಲು ನಾನು ಒಂದು ವಿಷಯ ಹೇಳೋದಿದೆ. ಹೇಳ್ತೀನಿ. ಹೇಳೇ ಹೇಳ್ತೀನಿ. ಮೊದಲು ಇದನ್ನ ನೋಡಿ.

ಇದಾ? ಪೆನ್‌ಡ್ರೈವ್. ನನ್ನ ಹೆಬ್ಬೆರಳಿಗಿಂತ ಚಿಕ್ಕದು. ಇದರೊಳಗೆ ಒಂದು ಇಡೀ ಆಪರೇಟಿಂಗ್ ಸಿಸ್ಟಮ್ ಇದೆ. ಇದನ್ನ ಚುಚ್ಚಿ, ಸ್ವಿಚ್ ಹಾಕಿ, ಮೇಲಿನ ಸಾಲಿನ ಒಂದು ಕೀ ಒತ್ತಿದ್ರೆ, ಕಂಪ್ಯೂಟರ್ ನಿಮ್ಮ ವಿಂಡೋಸ್ ಕಡೆ ತಿರುಗಿಯೂ ನೋಡದೆ ಇದರಿಂದಲೇ ಶುರುವಾಗ್ತದೆ. ಒಬ್ಬರ ಮನೆ ಜಗಲಿ ಮೇಲೆ ನಮ್ಮದೇ ಒಲೆ, ನಮ್ಮದೇ ಪಾತ್ರೆ ಇಟ್ಟು ಅಡಿಗೆ ಮಾಡಿ ಉಂಡು, ಎಲೆ ಎತ್ತಿಕೊಂಡು ಹೋದ ಹಾಗೆ. ಒಳಗಿನವರಿಗೆ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ಪೆನ್‌ಡ್ರೈವ್ ಕಿತ್ರೆ ನಿಮ್ಮ ಕಂಪ್ಯೂಟರ್ ನಿಮ್ಮದು. ಅದಕ್ಕೇ ಹೇಳಿದ್ದು, ಮುಟ್ಟಿಲ್ಲ ಅಂತ.

ಹ್ಯಾಕ್ ಅಲ್ಲ ಮಾರಾಯ್ರೇ. ಟಿವಿ ನೋಡಿ ಕಲಿತ ಮಾತೆಲ್ಲ ಇಲ್ಲಿ ತರಬೇಡಿ. ಇದರ ಹೆಸರು ಲಿನಕ್ಸ್. ಲಿನಕ್ಸ್ ಅಂದ್ರೆ ಒಂದಲ್ಲ, ಹತ್ತಾರು ತರದ್ದು ಇದೆ. ಯಾರು ಬೇಕಾದ್ರೂ ಇಳಿಸಿಕೊಳ್ಳಬಹುದು, ಯಾರು ಬೇಕಾದ್ರೂ ಹಂಚಬಹುದು.

ಏನು? ಬಿಟ್ಟಿ ಸಿಗೋದು ಕೆಲಸಕ್ಕೆ ಬರಲ್ವಾ? ಹಾರಂಗಿ ಹೊಳೆ ನೀರಿಗೆ ಎಷ್ಟು ಕೊಟ್ಟು ಮೀಯ್ತೀರಿ ನೀವು? ಫೆಬ್ರವರಿ ಕೊನೇಲಿ ಕಾಫಿ ಹೂ ಅರಳಿಸೋ ಹೂಮಳೆ ಬರ್ತದಲ್ಲ, ಆಕಾಶಕ್ಕೆ ಬಿಲ್ ಕಟ್ಟಿ ರಸೀದಿ ಇಟ್ಕೊಂಡಿದ್ದೀರಾ? ಕೆಲಸಕ್ಕೆ ಬರೋದರಲ್ಲಿ ಅರ್ಧ ಬಿಟ್ಟೀದೇ. ಮನೇಲಿ ನಾನು ಮಾಡೋ ಕೆಲಸಕ್ಕೆ ಯಾವ ತಿಂಗಳು ಸಂಬಳ ಕೊಟ್ರಿ?

ನಗಿ, ನಗಿ. ನೀವು ನಗ್ತಿದ್ರೆ ನನಗೆ ಹೇಳೋಕೆ ಸುಲಭ.

ಇದೆಲ್ಲ ಶುರುವಾದದ್ದು ಆ ಒಂದು ಸಾಲಿನಿಂದ. ಮಳೆಗಾಲ ಮುಗೀತಾ ಬಂದಿತ್ತು, ನೆನಪಿದೆಯಾ? ಹಳೇ ವಿಂಡೋಸ್‌ಗೆ ಇನ್ನು ಅಪ್‌ಡೇಟ್ ಬರಲ್ಲ, ಹೊಸದನ್ನ ಹಾಕೋಕೆ ಈ ಕಂಪ್ಯೂಟರ್‌ಗೆ ಅರ್ಹತೆ ಇಲ್ಲ ಅಂತ ಪರದೆ ಮೇಲೆ ಬಂತು. ನೀವು ಕುಶಾಲನಗರಕ್ಕೆ ಹೋಗಿ ಅಂಗಡಿಯಲ್ಲಿ ಕೇಳಿದ್ರಿ. ಹೊಸ ಕಂಪ್ಯೂಟರ್ ತಗೊಳ್ಳಿ ಅಂದ ಅಂಗಡಿಯವನು. ನೀವು ಸರಿ ಅಂತ ತಲೆ ಆಡಿಸಿ, ಸಂತೆಯಿಂದ ಒಂದು ಕಟ್ಟು ಸೊಪ್ಪು ತಗೊಂಡು ಮನೆಗೆ ಬಂದ್ರಿ. ನನಗೆ ಮೈಯೆಲ್ಲ ಉರೀತು. ಪರದೆ ಒಡೆದಿಲ್ಲ, ಕೀಬೋರ್ಡ್ ಸವೆದಿಲ್ಲ, ಸಿಡಿಲು ಬಿದ್ದಿಲ್ಲ. ನಿನ್ನೆವರೆಗೆ ದುಡಿದದ್ದು ಇವತ್ತು ಬೆಳಗಾದ್ರೆ ಅನರ್ಹ. ನಮ್ಮಪ್ಪ ಪಿಂಚಣಿ ಕೇಳೋಕೆ ಹೋದಾಗ ಕೌಂಟರ್ ಆಚೆ ಕೂತವನು ಹೇಳಿದ್ದೂ ಇದೇ ಮಾತು. ನಾನು ಪಿಯುಸಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿದಾಗ ಬಂದದ್ದೂ ಇದೇ ಮಾತು. ಅರ್ಹತೆ ಇಲ್ಲ. ಯಾರು ಅಳೆದದ್ದು, ಯಾವ ಕೋಲಿನಿಂದ ಅಳೆದದ್ದು, ಒಬ್ಬರೂ ಹೇಳಲ್ಲ.

ಸರಿ, ನೋಡೇಬಿಡೋಣ ಅಂತ ಕೂತೆ. ನನಗೆ ಯಾರೂ ಕಲಿಸಲಿಲ್ಲ. ನನ್ನ ಫೋನಲ್ಲಿ ಓದಿದೆ. ಇಂಗ್ಲಿಷ್ ಗೊತ್ತಾಗದ ಕಡೆ ಡಿಕ್ಷನರಿ, ಡಿಕ್ಷನರಿ ಗೊತ್ತಾಗದ ಕಡೆ ಊಹೆ. ನೀವು ಮಧ್ಯಾಹ್ನ ಊಟ ಮಾಡಿ ಅಂಗಡಿಗೆ ಹೋದ ಮೇಲೆ, ಅತ್ತೆ ಮಲಗಿದ ಮೇಲೆ, ನಾನು ಕಣದ ಮೂಲೆಗೆ ಹೋಗಿ ನಿಲ್ತಿದ್ದೆ. ಸಿಗ್ನಲ್ ಸಿಗೋದು ಅಲ್ಲೊಂದೇ. ಒಂದು ಕೈಯಲ್ಲಿ ಕಾಫಿ ಎಳೆಯೋ ಹಲುಬೆ, ಇನ್ನೊಂದು ಕೈಯಲ್ಲಿ ಫೋನು. ನೋಡಿದವರು ಪಾಪ, ಈ ಹೆಂಗಸು ಬಿಸಿಲಲ್ಲಿ ಎಷ್ಟು ದುಡೀತಾಳೆ ಅಂದ್ಕೊಂಡಿರಬೇಕು. ಫೋನಿಗೆ ಇಳಿಸಿದ್ದನ್ನ ಒಂದು ತುಂಡು ವೈರ್ ಹಾಕಿ ಪೆನ್‌ಡ್ರೈವ್‌ಗೆ ಬರೆದೆ. ಇಂಟರ್‌ನೆಟ್ ಇಷ್ಟು ಬೇಗ ಯಾಕೆ ಖಾಲಿ ಆಗ್ತದೆ ಅಂತ ನೀವು ಕಂಪನಿಗೆ ಫೋನ್ ಮಾಡಿ ಬೈದ್ರಲ್ಲ, ಅದು ಅವರ ತಪ್ಪಲ್ಲ.

ಮೊದಲು ಹಾಕಿದ್ದು ಉಬುಂಟು. ನೋಡೋಕೆ ಚಂದ, ಆದ್ರೆ ನಮ್ಮ ಈ ಮುದಿ ಯಂತ್ರಕ್ಕೆ ಭಾರ. ಏರಿನಲ್ಲಿ ಲೋಡ್ ಜೀಪು ಹತ್ತಿದ ಹಾಗೆ ಮುಲುಗ್ತಾ ಬಂತು. ಒಂದು ಬಟನ್ ಒತ್ತಿ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರಬಹುದು. ಆದ್ರೂ ಬಂತಲ್ಲ. ಅನರ್ಹ ಅಂದವರ ಎದುರಿಗೇ ಎದ್ದು ನಿಂತಿತಲ್ಲ. ನಾನು ಒಬ್ಬಳೇ ಇಲ್ಲಿ ಕೂತು ಚಪ್ಪಾಳೆ ಹೊಡೆದೆ.

ಆಮೇಲೆ ಸಣ್ಣದು ಯಾವುದಿದೆ ಅಂತ ಹುಡುಕಿದೆ. ಪಪ್ಪಿ ಅಂತ ಒಂದಿದೆ. ನಾಯಿಮರಿ. ಹೆಸರಿಗೆ ತಕ್ಕ ಹಾಗೆ ಪುಟ್ಟದು, ಚುರುಕು. ಆದ್ರೆ ಅದು ಶುರುವಾದ ತಕ್ಷಣ ಬೊಗಳ್ತದೆ ಅಂತ ನನಗೇನು ಗೊತ್ತು? ಸ್ಪೀಕರ್ ಬೇರೆ ನೀವು ಪೂರ್ತಿ ಏರಿಸಿ ಇಟ್ಟಿದ್ರಿ. ಭೌ ಭೌ ಅಂತು. ಅತ್ತೆ ನಿದ್ದೆಯಿಂದ ಎದ್ದವರು, ಕೋಲು ಹಿಡ್ಕೊಂಡು ಬಂದೇಬಿಟ್ರು. ಎಲ್ಲಿ ಹೊಕ್ಕಿತು, ಮಂಚದ ಕೆಳಗಾ, ಬೀರು ಹಿಂದೆಯಾ ಅಂತ. ಹೊರಗಿಂದ ನಮ್ಮ ನಾಯಿ ಕರಿಯ ಉತ್ತರ ಕೊಡ್ತಾ ಇದೆ. ಒಳಗೆ ಲಿನಕ್ಸು, ಹೊರಗೆ ಕರಿಯ, ಮಧ್ಯೆ ನಿಮ್ಮಮ್ಮ ರುದ್ರಮ್ಮನವರು ಕೋಲು ಹಿಡಿದು. ನಾನು ನಗ್ತಾ ನೆಲಕ್ಕೆ ಕೂತೆ. ಇಲ್ಲ ಅತ್ತೆ, ಕಂಪ್ಯೂಟರ್ ಬೊಗಳಿದ್ದು ಅಂತ ಹೇಳಿದ್ರೆ, ನಿನಗೆ ಪಿತ್ತ ನೆತ್ತಿಗೇರಿದೆ, ನಿಂಬೆಹಣ್ಣು ತಿಕ್ಕು ಅಂದ್ರು.

ಹೌದು, ಅವರಿಗೆ ಗೊತ್ತು. ಅವತ್ತಿನಿಂದ ಗೊತ್ತು. ನಿಮಗೆ ಯಾಕೆ ಹೇಳಲಿಲ್ಲ ಅಂದ್ರೆ, ಹೋಗಿ ಕೇಳಿ ನಿಮ್ಮ ಅಮ್ಮನನ್ನ. ಈಗ ಬೇಡ, ಆಮೇಲೆ.

ಇನ್ನೊಂದು ಹಾಕಿದೆ, ಅದರ ಹೆಸರು ಡೆಬಿಯನ್. ಗಟ್ಟಿಮುಟ್ಟು, ಹಳೇ ಕಾಲದ ಮನುಷ್ಯರ ಹಾಗೆ, ಮಾತು ಕಡಿಮೆ. ಅದರಲ್ಲಿ ಇಂಟರ್‌ನೆಟ್ ಬರಲಿಲ್ಲ. ಜಪ್ಪಯ್ಯ ಅಂದ್ರೂ ಬರಲಿಲ್ಲ. ಇಂಥಾದ್ದನ್ನ ಕೇಳೋಕೇ ಒಂದು ಜಾಗ ಇದೆ, ಪ್ರಪಂಚದ ಜನ ಎಲ್ಲ ಅಲ್ಲಿ ಬಂದು ಒಬ್ಬರಿಗೊಬ್ಬರು ಹೇಳಿಕೊಡ್ತಾರೆ. ನನ್ನ ಹರಕು ಇಂಗ್ಲಿಷಲ್ಲಿ ಕೇಳಿದೆ. ಉತ್ತರ ಕೊಟ್ಟವನು ಯಾರು ಗೊತ್ತಾ? ಬ್ರೆಜಿಲ್‌ನವನು. ಹೂಂ, ಬ್ರೆಜಿಲ್. ದಿನಾ ಬೆಳಗ್ಗೆ ರೇಟ್ ನೋಡಿ ನೀವು ಯಾರಿಗೆ ಹಿಡಿಶಾಪ ಹಾಕ್ತೀರೋ ಅದೇ ಬ್ರೆಜಿಲ್. ಅವನ ಮಾವನ ಮನೆಯವರೂ ಕಾಫಿ ಬೆಳೀತಾರಂತೆ. ಅವರೂ ಬೆಳಗ್ಗೆ ಎದ್ದು ಇನ್ಯಾವುದೋ ದೇಶಕ್ಕೆ ಬಯ್ತಾರಂತೆ. ಮೂರು ಸಲ ಬರೆದು ಬಿಡಿಸಿ ಹೇಳಿದ, ಹೀಗೆ ಮಾಡಿ ಅಕ್ಕ ಅಂತ. ಅಕ್ಕ ಅಂತ ಅಲ್ಲ, ಅವನ ಭಾಷೇಲಿ ಏನೋ. ನನಗೆ ಅಕ್ಕ ಅಂದ ಹಾಗೇ ಕೇಳಿಸ್ತು. ಒಂದು ಪೈಸೆ ಕೇಳಲಿಲ್ಲ, ನಾನು ಯಾವ ಜಾತಿ, ಎಷ್ಟು ಎಕರೆ, ಯಾರ ಹೆಂಡತಿ ಅಂತ ಒಂದೂ ಕೇಳಲಿಲ್ಲ.

ಈಗ ಪರದೆ ಮೇಲೆ ಇರೋದು ಮಿಂಟ್. ಅಂದ್ರೆ ಪುದೀನ. ಇದು ನನಗೆ ಒಗ್ಗಿತು. ನಿಮ್ಮ ವಿಂಡೋಸ್ ತರಾನೇ ಕೆಳಗೆ ಪಟ್ಟಿ, ಮೂಲೇಲಿ ಗಡಿಯಾರ. ಕನ್ನಡದಲ್ಲೂ ಮಾತಾಡ್ತದೆ. ನೋಡಿ, ಕಡತ ಅಂತ ಬರೆದಿದೆ. ಎಲ್ಲ ಕಡೆ ಅಲ್ಲ, ಅಲ್ಲಲ್ಲಿ ಇಂಗ್ಲಿಷು ನುಸುಳ್ತದೆ, ನಮ್ಮ ಮಾತಿನ ಹಾಗೇ. ಇದನ್ನ ಮಾಡಿದವರು ಒಳಗಿನದ್ದೆಲ್ಲ ತೆರೆದು ಇಟ್ಟಿದ್ದಾರೆ ರೀ. ಯಾರು ಬೇಕಾದ್ರೂ ನೋಡಿ, ತಪ್ಪಿದ್ರೆ ತೋರಿಸಿ ಅಂತಾರೆ. ಇದನ್ನೇ ಈ ಕಂಪ್ಯೂಟರಲ್ಲಿ ಕಾಯಂ ಹಾಕೋಣ ಅಂತ ನನ್ನ ಆಸೆ. ನಿಮ್ಮದು ಅರ್ಧ ಇರಲಿ, ನನ್ನದು ಅರ್ಧ.

ಯೋಚನೆ ಮಾಡಿ ಹೇಳಿ ಸಾಕು. ಇಲ್ಲ ಅಂತ ತಕ್ಷಣ ಹೇಳಬೇಡಿ, ಅದು ಅಭ್ಯಾಸ ಆಗಿಬಿಟ್ಟಿದೆ ನಿಮಗೆ.

ಪಾಸ್‌ವರ್ಡಾ? ಹೂಂ, ಆ ವಿಷಯಕ್ಕೂ ಬರ್ತೀನಿ. ಅದನ್ನ ನೀವು ಯಾಕೆ ಹಾಕಿದ್ರಿ ಅಂತ ನಾನು ಮರೆತಿಲ್ಲ. ಪುಟ್ಟರಾಜಣ್ಣ ಬಾಗಿಲಿ‌ಗೆ ಬಂದು, ವಿನುತಕ್ಕ, ನನ್ನ ಕಾಫಿಯಲ್ಲಿ ಸಿಪ್ಪೆ ಹೋಗಿ ಬೀಜ ಎಷ್ಟು ಇಳಿದಿದೆ ಸ್ವಲ್ಪ ನೋಡಿ ಹೇಳಿ ಅಂದ. ಪರದೆ ಮೇಲೆ ಇತ್ತು, ಓದಿ ಹೇಳಿದೆ. ಅವನ ಕಾಫಿ, ಅವನ ಬೀಜ, ಅವನು ಕೇಳಿದ. ನೀವು ಚೌಕಾಶಿಗೆ ಕೂರೋ ಮೊದಲೇ ಅವನಿಗೆ ಗೊತ್ತಾಯ್ತು ಅಂತ ನಿಮಗೆ ಸಿಟ್ಟು. ಮಾರನೇ ದಿನ ಬೀಗ. ಆದ್ರೆ ಒಂದು ಹೇಳಲಾ? ನೀವು ಬೀಗ ಹಾಕಿದ್ದು ಮುಂಬಾಗಿಲಿಗೆ. ಹಿತ್ತಲ ಗೋಡೆಯೇ ಇಲ್ಲ. ಈ ಪೆನ್‌ಡ್ರೈವ್‌ನಿಂದ ಬಂದ್ರೆ ನಿಮ್ಮ ಡಿಸ್ಕು ಪೂರ್ತಿ ಕಾಣ್ತದೆ, ಯಾವ ಪಾಸ್‌ವರ್ಡೂ ಕೇಳಲ್ಲ.

ಇಲ್ಲ, ನಾನು ನೋಡಿಲ್ಲ. ಕಾಣ್ತದೆ ಅಂದೆ, ನೋಡಿದೆ ಅಂದೆನಾ?

ಒಂದು ಸಲ ನೋಡಿದೆ. ವ್ಯಾಪಾರದ್ದು ನೋಡಲಿಲ್ಲ, ನಿಮ್ಮಾಣೆ. ಮೇಲಿಂದ ಮೇಲೆ ನೋಡಿದೆ. ಒಂದು ಮೂಲೆ ತುಂಬ ಇಸ್ಪೀಟು. ಒಬ್ಬರೇ ಆಡೋ ಇಸ್ಪೀಟು. ಲೆಕ್ಕ ಬರೀಬೇಕು, ಯಾರೂ ಒಳಗೆ ಬರಬೇಡಿ ಅಂತ ಬಾಗಿಲು ಹಾಕ್ಕೊಂಡು… ಹೋಗಲಿ ಬಿಡಿ. ಕಿವಿ ಯಾಕೆ ಕೆಂಪಾಗ್ತದೆ? ಅತ್ತೆಗೂ ಹೇಳಿಲ್ಲ ನಾನು.

ಗಡಿಯಾರ ನೋಡಬೇಡಿ. ಹೊತ್ತಿದೆ ಅಂದೆನಲ್ಲ. ಕಾಫಿ ಕುಡೀರಿ.

ಇದರಲ್ಲಿ ನನಗೆ ಹಿಡಿಸಿದ್ದೇ ಆ ಗುಣ ನೋಡಿ. ಕಾಯಂ ಹಾಕೋಕೆ ಮೊದಲು ಹೀಗೆ ಪೆನ್‌ಡ್ರೈವಲ್ಲೇ ಓಡಿಸಿ ನೋಡಿ ಅಂತಾರೆ. ಸ್ಯಾಂಪಲ್ ನೋಡೋದು ಅಂದ್ರೆ ಹೀಗಿರಬೇಕು. ನೋಡೋದು, ಹಿಡಿಸಿದ್ರೆ ಇಟ್ಕೊಳ್ಳೋದು, ಹಿಡಿಸದಿದ್ರೆ ಯಾರದ್ದು ಅವರಿಗೆ ವಾಪಸ್ಸು…

ಯಾಕೆ ಹಾಗೆ ನೋಡ್ತೀರ? ಆ ಮಾತು ಕರಪತ್ರದಲ್ಲಿ ಮಾತ್ರ ಇರಬೇಕು ಅಂತ ಕಾನೂನಿದೆಯಾ? ಇಡೀ ಊರು ಅದನ್ನೇ ಹೇಳ್ತಿದೆ. ಡೈರೀಲಿ ಹಾಲು ಹಾಕೋ ಹೆಂಗಸರೂ ಹೇಳ್ತಾರೆ. ಬೆಳೆಗಾರ ಚೀಲ ತಂದು ಇಳಿಸ್ತಾನೆ. ನೀವು ಪ್ರತಿ ಚೀಲಕ್ಕೂ ಕೈ ಹಾಕಿ ಸ್ಯಾಂಪಲ್ ಅಂತ ತೆಗೀತೀರ. ಸುಲಿದು ಬೀಜ ತೂಗ್ತೀರ, ನೀರಿನ ಅಂಶ ನೋಡ್ತೀರ, ರೇಟ್ ಹೇಳ್ತೀರ. ಅಲ್ಲಿಗೆ ಸರಿ. ನೋಡಿದ ಮೇಲೆ ಆ ಬೀಜ ಎಲ್ಲಿಗೆ ಹೋಗ್ತದೆ? ಕೊಟ್ಟವನ ಚೀಲಕ್ಕಲ್ಲ, ನಿಮ್ಮ ಡಬ್ಬಕ್ಕೆ. ವ್ಯಾಪಾರ ಆಗದಿದ್ರೂ ಡಬ್ಬಕ್ಕೇ. ಅವನು ನಾಲ್ಕು ಅಂಗಡಿ ಸುತ್ತಿದ್ರೆ ನಾಲ್ಕು ಡಬ್ಬಕ್ಕೆ.

ಪದ್ಧತಿ. ಗೊತ್ತು. ನಿಮ್ಮಪ್ಪನ ಕಾಲದಿಂದ ಬಂದ ಪದ್ಧತಿ. ನಾನೇನು ಜಗಳಕ್ಕೆ ಬಂದೆನಾ ಈಗ? ನಾನು ಕಂಪ್ಯೂಟರ್ ವಿಷಯ ಹೇಳ್ತಿದ್ದೆ. ಎಲ್ಲಿದ್ದೆ? ಹಾಂ, ಮಿಂಟ್. ಇದರ ಇನ್ನೊಂದು ವಿಶೇಷ ಹೇಳ್ತೀನಿ ಕೇಳಿ, ನಂಬಲ್ಲ ನೀವು. ಅಟ್ಟದ ಮೇಲೆ ಗೋಣಿಚೀಲ ಸುತ್ತಿ ಇಟ್ಟಿದ್ರಲ್ಲ ಆ ಹಳೇ ಪ್ರಿಂಟರ್? ಇದಕ್ಕೆ ಡ್ರೈವರ್ ಸಿಗಲ್ಲ, ಸತ್ತ ಹಾಗೇ ಲೆಕ್ಕ, ಗುಜರಿಗೆ ಹಾಕು ಅಂದ್ರಲ್ಲ? ಇದಕ್ಕೆ ವೈರ್ ಸಿಕ್ಕಿಸಿದ್ದೇ ತಡ, ಯಾವ ಡ್ರೈವರೂ ಬೇಡ, ಏನೂ ಬೇಡ, ಪ್ರಿಂಟರ್ ಸಿದ್ಧ ಅಂತ ಬಂತು. ಒಂದು ಸಲ ಕೆಮ್ಮಿತು, ಒಂದು ಜಿರಲೆ ಹೊರಗೆ ಬಂತು, ಆಮೇಲೆ ಹೊಸ ಮದುಮಗನ ಹಾಗೆ…

ಏನು ಪ್ರಿಂಟ್ ಮಾಡಿದೆ ಅಂತಲಾ? ಏನೇನೋ. ಅತ್ತೆಗೆ ವಚನ. ದೊಡ್ಡ ಅಕ್ಷರದಲ್ಲಿ. ಅವರ ಪುಸ್ತಕದ ಅಕ್ಷರ ಸಾಸಿವೆ ಕಾಳಿನ ಹಾಗೆ, ಕನ್ನಡಕ ಹಾಕಿದ್ರೂ ಕಾಣಲ್ಲ ಅಂತಿದ್ರು. ಈಗ ಪೂಜೆಗೆ ಕೂತಾಗ ಅದನ್ನೇ ಓದ್ತಾರೆ. ದೇವರ ಗೂಡಿನ ಹತ್ರ ನೋಡಿ, ಇದೆ.

ಅಷ್ಟೇ. ಇನ್ನೇನು ಪ್ರಿಂಟ್ ಮಾಡ್ಲಿ ನಾನು?

ಆ ಅಕ್ಷರ ಎಷ್ಟು ಚಂದ ಗೊತ್ತಾ? ನಿಮ್ಮ ವಿಂಡೋಸಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಎಲ್ಲ ಕಡೆ ನುಡಿ ಅನ್ನೋ ಅದೇ ಒಂದು ಅಕ್ಷರ, ನೋಡಿ ನೋಡಿ ಸಾಕಾಗಿದೆ. ಇದರಲ್ಲಿ ಬೇರೆ. ಕನ್ನಡಕ್ಕೇ ಅಂತ ಎರಡು ಮಾಡಿಟ್ಟಿದ್ದಾರೆ. ಒಂದರ ಹೆಸರು ಗುಬ್ಬಿ, ಇನ್ನೊಂದರ ಹೆಸರು ನವಿಲು. ಯಾರೋ ಪುಣ್ಯಾತ್ಮರು ಕೂತು ಒಂದೊಂದೇ ಅಕ್ಷರ ಬಿಡಿಸಿ, ತಗೊಳ್ಳಿ ಅಂತ ಊರಿಗೆ ಹಂಚಿದ್ದಾರೆ. ಹತ್ರ ಬನ್ನಿ, ನಿಮ್ಮ ಹೆಸರು ಹೊಡೆದು ತೋರಿಸ್ತೀನಿ. ಬನ್ನಿ ಅಂದ್ರೆ. ಕಿ… ರ… ಣ್… ಕುಮಾರ್. ದೊಡ್ಡದು ಮಾಡ್ತೀನಿ, ಇನ್ನೂ ದೊಡ್ಡದು. ಇದು ನವಿಲು. ಆ ತಲೆಕಟ್ಟು ನೋಡಿ, ಹೇಗೆ ಬಳುಕಿದೆ. ಕೆಳಗೆ ಗುಬ್ಬೀಲಿ ಟ್ರೇಡರ್ಸ್ ಅಂತ ಹಾಕ್ತೀನಿ. ನಮ್ಮ ಅಂಗಡಿ ಬೋರ್ಡ್‌ಗೇ ಹಾಕಿಸಬಹುದು. ಹೇಗಿದೆ?

ಹೇಗಿದೆ ರೀ?

ಏನು ಹುಡುಕ್ತಿದ್ದೀರ ಜೇಬಲ್ಲಿ? ಕನ್ನಡಕ ಮೂಗಿನ ಮೇಲೇ ಇದೆ.

ಓ.

ಆ ಕರಪತ್ರ ಜೇಬಲ್ಲೇ ಇಟ್ಕೊಂಡು ಓಡಾಡ್ತಿದ್ದೀರಾ? ಮೀಟಿಂಗಲ್ಲಿ ತೋರಿಸೋಕೆ. ಸರಿ. ಪರದೆಗೆ ಅಷ್ಟು ಹತ್ರ ಹಿಡೀಬೇಡಿ, ಕಣ್ಣು ನೋಯ್ತದೆ. ಹೋಲಿಸೋ ಅಷ್ಟು ಏನಿದೆ ಅದರಲ್ಲಿ? ಅಕ್ಷರ ಅಂದ ಮೇಲೆ ಒಂದರ ಹಾಗೆ ಒಂದು ಇರ್ತದೆ. ಹಾಸನದಲ್ಲೂ ಯಾರಾದ್ರೂ ಲಿನಕ್ಸ್ ಹಾಕಿರಬಹುದು…

ಮಾತಾಡಿ.

ಇಷ್ಟು ಹೊತ್ತು ನಗ್ತಿದ್ರಿ. ಬಿಟ್ಟಿ ಅಂದ್ರಿ, ಹ್ಯಾಕ್ ಅಂದ್ರಿ, ಮಧ್ಯೆ ಮಧ್ಯೆ ಬಾಯಿ ಹಾಕ್ತಾ ಇದ್ರಿ. ಈಗ ಒಂದು ಮಾತಾದ್ರೂ ಆಡಿ. ವಿನುತಾ ಅಂತ ಪೂರ್ತಿ ಹೆಸರು ಹಿಡಿದು ಕೂಗಿ, ಕೋಪ ಬಂದಾಗ ಕೂಗ್ತೀರಲ್ಲ ಹಾಗೆ. ಅಟ್ಟದ ಕಡೆ ಯಾಕೆ ನೋಡ್ತೀರ? ಪ್ರಿಂಟರ್ ಅಲ್ಲಿಲ್ಲ, ಅಕ್ಕಿ ಡ್ರಮ್ಮಿನ ಹಿಂದೆ ಇದೆ.

ಸರಿ, ನಾನೇ ಹೇಳ್ತೀನಿ. ಹೇಳೋಕಂತಲೇ ಕೂರಿಸಿದ್ದು ನಿಮ್ಮನ್ನ. ಹೇಳೋ ಧೈರ್ಯ ಬರಲಿ ಅಂತ ಉಬುಂಟು, ನಾಯಿಮರಿ, ಬ್ರೆಜಿಲ್ ಎಲ್ಲ ಸುತ್ತಿ ಬಂದೆ.

ಹೌದು. ನಾನೇ.

ಬರೆದದ್ದೂ ನಾನೇ, ಪ್ರಿಂಟ್ ಮಾಡಿದ್ದೂ ನಾನೇ, ಬೆಳಗ್ಗೆ ಹಾಲಿನ ಕ್ಯಾನ್ ಹಿಡ್ಕೊಂಡು ಹೋಗುವಾಗ ಅಂಟಿಸಿದ್ದೂ ನಾನೇ. ಮೈದಾ ಅಂಟು ಕಾಯಿಸಿ ಕೊಟ್ಟದ್ದು ನಿಮ್ಮ ಅಮ್ಮ. ಅವರನ್ನ ಏನೂ ಅನ್ನಬೇಡಿ, ಅವರ ತವರಿನವರೂ ಬೆಳೆಗಾರರೇ, ಅವರಪ್ಪನೂ ಚೀಲ ಹೊತ್ತು ಅಂಗಡಿ ಅಂಗಡಿ ಸುತ್ತಿದವರೇ. ಕೆಳಗೆ ‘ಒಬ್ಬ ಬೆಳೆಗಾರ’ ಅಂತ ಸಹಿ ಹಾಕಿದೆ. ಅದೊಂದು ತಪ್ಪಾಯ್ತು. ಅದನ್ನ ನೋಡಿ ನೀವೆಲ್ಲ ಗಂಡಸರನ್ನೇ ಹುಡುಕಿದ್ರಿ. ಸುಮ್ಮನೆ ‘ಒಬ್ಬಳು’ ಅಂತ ಹಾಕಿದ್ದಿದ್ರೆ ಪುಟ್ಟರಾಜಣ್ಣನ ತಲೆ ಮೇಲೆ ಬರ್ತಿರಲಿಲ್ಲ. ಅವನಿಗೆ ಏನೂ ಗೊತ್ತಿಲ್ಲ ರೀ. ನಿನ್ನೆ ಡೈರೀಲಿ ಸಿಕ್ಕಿದ್ದ. ವಿನುತಕ್ಕ, ಯಾರೋ ನನ್ನ ಮನಸ್ಸಲ್ಲಿದ್ದದ್ದನ್ನ ಹಾಗೇ ಬರೆದಿದ್ದಾರೆ, ಯಾರು ಅಂತ ಗೊತ್ತಾದ್ರೆ ಅವರ ಕಾಲಿಗೆ ಬೀಳ್ತೀನಿ ಅಂದ. ನಾನು ಕಾಲು ಸೆರಗಿನಲ್ಲಿ ಮುಚ್ಕೊಂಡು ಬಂದೆ.

ನಿಮ್ಮ ಮೇಲಿನ ಸಿಟ್ಟಿಗೆ ಬರೆದದ್ದಲ್ಲ. ನಂಬಿ. ನಾನು ಕಾಫಿ ಕುಡಿಯೋದು ಯಾಕೆ ಬಿಟ್ಟೆ ಅಂತ ನೀವು ಕೇಳಿದಾಗ ಪಿತ್ತ ಅಂತ ಹೇಳಿದ್ದೆ. ಪಿತ್ತ ಅಲ್ಲ. ಅಂಗಡಿಯಿಂದ ನೀವು ಮನೆಗೆ ತರ್ತೀರಲ್ಲ ಆ ಡಬ್ಬ, ಅದನ್ನ ಹುರಿಯೋಕೆ ಬಾಣಲೆಗೆ ಸುರಿದಾಗ ಬೀಜ ಒಂದೊಂದು ಒಂದೊಂದು ಬಣ್ಣ. ಇದು ಯಾರದ್ದೋ ತೋಟದ್ದು, ಅದು ಯಾರದ್ದೋ. ಊರಿನವರೆಲ್ಲರ ಮನೆಯದ್ದೂ ನಮ್ಮ ಬಾಣಲೇಲಿ. ಒಂದಿನ ಬಾಯಿಗೆ ಇಳೀಲಿಲ್ಲ, ಅಷ್ಟೇ. ಮತ್ತೆ ನಿಮ್ಮ ಲೋಡು ಮೇಲಿನ ದೊಡ್ಡ ವ್ಯಾಪಾರಿಗಳಿಗೆ ಹೋದಾಗ ಅವರೂ ನಿಮ್ಮಿಂದ ಸ್ಯಾಂಪಲ್ ತೆಗೀತಾರೆ. ವಾಪಸ್ ಕೊಡ್ತಾರಾ? ಅದಕ್ಕೆ ನೀವು ಮನೆಗೆ ಬಂದು ಎಷ್ಟು ಬೈದಿದ್ದೀರ. ಆ ಬೈಗುಳವನ್ನೇ ನಾನು ಸ್ವಲ್ಪ ತೊಳೆದು ಕರಪತ್ರದಲ್ಲಿ ಹಾಕಿದ್ದು. ಮೂರನೇ ಸಾಲು ನೋಡಿ, ನಿಮ್ಮದೇ ಮಾತು.

ಈಗ ನೀವು ಹೇಳಿ. ಮೀಟಿಂಗಲ್ಲಿ ಪುಟ್ಟರಾಜು ಅಲ್ಲ ಅಂತ ನೀವು ಹೇಳ್ತೀರಾ, ನಾನು ಬಂದು ಹೇಳಲಾ? ಪರಮೇಶಪ್ಪನವರ ಮುಂದೆ ನಿಂತು ಹೇಳೋಕೆ ನನಗೇನೂ ಭಯ ಇಲ್ಲ. ನಿಮ್ಮ ಮುಂದೆ ಹೇಳೋಕೇ ಇಷ್ಟು ಹೊತ್ತು ಹಿಡಿದದ್ದು. ನಾಳೆ ಅವರು ನಿಮ್ಮನ್ನ ಸಂಘದಿಂದ ಹೊರಗೆ ಹಾಕಬಹುದು, ಅದೂ ಗೊತ್ತು ನನಗೆ. ಅದಕ್ಕೇ…

ಪೆನ್ ಯಾಕೆ? ಕರಪತ್ರದ ಮೇಲೆ ಏನು ಗೀಚ್ತಿದ್ದೀರ? ಸಹಿ ತಿದ್ದೋದಾದ್ರೆ ನಾನೇ ತಿದ್ದುತ್ತೀನಿ, ಕೊಡಿ. ಕೊಡಿ ಇಲ್ಲಿ.

‘ಸ್ಯಾಂಪಲ್ ಅಂತ ಚೀಲಕ್ಕೆ ಅರ್ಧ ಕೇಜಿಯಂತೆ…’

ಅರ್ಧ ಅನ್ನೋದನ್ನ ಹೊಡೆದು ಹಾಕಿದ್ದೀರ. ಒಂದು ಅಂತ ಬರೆದಿದ್ದೀರ.

ಒಂದಾ?

ಪರಮೇಶಪ್ಪನವರ ಅಂಗಡೀಲಿ ಅಂದ್ರೆ ನಂಬ್ತೀನಿ. ಅವರ ಕೈಯೂ ದೊಡ್ಡದು, ಡಬ್ಬವೂ ದೊಡ್ಡದು. ನಮ್ಮಲ್ಲೂನಾ? ತಲೆ ಎತ್ತಿ ಹೇಳಿ. ನಮ್ಮ ಅಂಗಡೀಲೂನಾ ರೀ?

ಸರಿ.

ನಾನು ಅರ್ಧ ಅಂತ ಬರೆದದ್ದು ನಿಮ್ಮನ್ನ ನೋಡಿ. ಮನೆಗೆ ಬರೋ ಡಬ್ಬ ಅಂದಾಜು ಮಾಡಿ. ನಮ್ಮವರು ಇಷ್ಟು ತೆಗೀತಾರೆ, ಬೇರೆಯವರೂ ಇಷ್ಟೇ ಇರಬೇಕು ಅಂತ. ಉಳಿದರ್ಧ ಎಲ್ಲಿಗೆ ಹೋಗ್ತಿತ್ತು ಅಂತ ಈಗ ಕೇಳಲ್ಲ. ಜೀಪಲ್ಲಿ ಕೇಳ್ತೀನಿ. ಹೂಂ, ನಾನೂ ಬರ್ತಿದ್ದೀನಿ, ಅತ್ತೆ ಬಾಗಿಲ ಸಂದಿಯಿಂದ ನೋಡ್ತಿರೋದು ನೋಡಿದ್ರೆ ಅವರೂ ಬರೋ ಹಾಗೆ ಕಾಣ್ತದೆ.

ಸ್ವಲ್ಪ ಸರೀರಿ, ಇದನ್ನ ತಿದ್ದಬೇಕು. ಇಷ್ಟು ದಿನ ಊರಿಡೀ ತಪ್ಪು ಲೆಕ್ಕ ಅಂಟಿಸಿದ್ದೀನಲ್ಲ ನಾನು. ಸಹಿ ಏನಂತ ಹಾಕಲಿ? ನನ್ನೊಂದೇ ಹೆಸರಾ, ಇಬ್ಬರದ್ದಾ?

ಹೇಳಬೇಡಿ, ಬರೆದು ತೋರಿಸಿ. ಮತ್ತೆ ಆ ಪ್ರಿಂಟರ್ ಎತ್ತಿ ತನ್ನಿ, ಅಕ್ಕಿ ಡ್ರಮ್ಮಿನ ಹಿಂದೆ. ಮೀಟಿಂಗ್‌ಗೆ ಎಷ್ಟು ಜನ ಬರ್ತಾರೆ ಅಂದ್ರಿ?